ಮೈಕೈ ನೋವಿರುವಾಗ ವ್ಯಾಯಾಮ ಮಾಡಬಹುದೇ? ನಿರ್ಧರಿಸುವ ಬಗೆ ಹೀಗೆ

ಆಷಾಢದ ಶುಕ್ರವಾರ ಚಾಮುಂಡಿ ಬೆಟ್ಟದ ಸುಮಾರು ಸಾವಿರ ಮೆಟ್ಟಿಲುಗಳನ್ನು ಹತ್ತಿ ಇಳಿದವರನ್ನು ಭಾನುವಾರದ ಹೊತ್ತಿಗೆ ಮೈಸೂರಿನ ಯಾವ ಬಡಾವಣೆಯಲ್ಲಾದರೂ ಗುರುತಿಸಬಹುದು. ಬಸ್ಸಿನಿಂದ ಇಳಿಯುವಾಗ ಅವರು ಎರಡೂ ಕೈಗಳಿಂದ ಕಂಬಿ ಹಿಡಿದು, ಮೈಯನ್ನು ಪಕ್ಕಕ್ಕೆ ತಿರುಗಿಸಿ, ಒಂದೊಂದೇ ಕಾಲನ್ನು ಮೆಲ್ಲಗೆ ನೆಲಕ್ಕಿಡುತ್ತಾರೆ. ಅವರಲ್ಲಿ ಕೆಲವರು ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂದು ಮತ್ತೆ ಬೆಟ್ಟ ಹತ್ತಲು ಹೊರಡುತ್ತಾರೆ. ಇನ್ನು ಕೆಲವರು ವಾರವಿಡೀ ಹಾಸಿಗೆ ಹಿಡಿದು, ಅಲ್ಲಿಗೆ ವ್ಯಾಯಾಮವನ್ನೇ ಕೈಬಿಡುತ್ತಾರೆ.

ಬೆಳಗಿನ ಹೊತ್ತು ವ್ಯಾಯಾಮ ಹೇಳಿಕೊಡುವ ನಾನು ಈ ಎರಡೂ ಬಗೆಯವರನ್ನು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಇಬ್ಬರೂ ಎಡವುವುದು ಒಂದೇ ಕಡೆ. ನೋವು ಎಷ್ಟಿದೆ ಎಂದು ಕೇಳಿಕೊಳ್ಳುತ್ತಾರೆಯೇ ಹೊರತು ಅದು ಯಾವಾಗ ಶುರುವಾಯಿತು, ಎಲ್ಲಿದೆ, ಮೈ ಅಲುಗಾಡಿಸಿದಾಗ ಏನಾಗುತ್ತದೆ ಎಂದು ಕೇಳಿಕೊಳ್ಳುವುದಿಲ್ಲ.

ಈ ನೋವು ತರುವುದು ಬೆಟ್ಟ ಹತ್ತಿದ್ದಕ್ಕಿಂತ ಹೆಚ್ಚಾಗಿ ಇಳಿದದ್ದು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ದೇಹದ ಭಾರವನ್ನು ತಡೆಹಿಡಿಯುತ್ತಲೇ ಹಿಗ್ಗಬೇಕಾಗುತ್ತದೆ. ಈ ಬಗೆಯ ಎಳೆತಕ್ಕೆ ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳುಗಳಾಗಿ, ಅಲ್ಲಿ ಉರಿಯೂತ ಉಂಟಾಗುತ್ತದೆ. ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಳ್ಳುವುದರಿಂದ ನೋವು ಬರುತ್ತದೆ ಎಂಬ ಮಾತು ಇಂದಿಗೂ ಜಿಮ್‌ಗಳಲ್ಲಿ ಕೇಳಿಬರುತ್ತದೆ, ಆದರೆ ವ್ಯಾಯಾಮ ನಿಲ್ಲಿಸಿದ ಸುಮಾರು ಒಂದು ಗಂಟೆಯೊಳಗೆ ಅದರ ಪ್ರಮಾಣ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ನೋವಿನ ಮೂಲ ಸ್ನಾಯುವಿನೊಳಗಿನ ಸೀಳುಗಳಲ್ಲಿರಬಹುದೆಂದು ಅಮೆರಿಕದ ಶರೀರಶಾಸ್ತ್ರಜ್ಞ ಥಿಯೋಡರ್ ಹಫ್ 1902ರಲ್ಲೇ ಬರೆದಿದ್ದರು.

1. ಹೊತ್ತು ಲೆಕ್ಕ ಹಾಕಿ

ಶ್ರಮಪಟ್ಟ 12ರಿಂದ 24 ಗಂಟೆಗಳ ನಂತರ ಮೆಲ್ಲನೆ ಕಾಣಿಸಿಕೊಂಡು, ಎರಡನೆಯ ಅಥವಾ ಮೂರನೆಯ ದಿನ ಹೆಚ್ಚಾಗಿ, ವಾರದೊಳಗೆ ತಾನಾಗಿಯೇ ಇಳಿಯುವುದು ಸ್ನಾಯು ದಣಿದ ನೋವು. ವ್ಯಾಯಾಮದ ನಡುವೆಯೇ ಚಳಕ್ಕೆಂದು ಹಿಡಿದುಕೊಂಡಿದ್ದರೆ ಅದನ್ನು ಪೆಟ್ಟೆಂದೇ ತಿಳಿಯಬೇಕು.

2. ನೋವನ್ನು ಕೈಯಿಂದ ತೋರಿಸಿ

ಹೆಚ್ಚಿನವರು ತಪ್ಪುವುದು ಈ ಹಂತದಲ್ಲಿ, ಆದ್ದರಿಂದ ಇಲ್ಲಿ ಅವಸರ ಬೇಡ. ಕುರ್ಚಿಯ ಮೇಲೆ ಕುಳಿತು, ಎಲ್ಲಿ ನೋಯುತ್ತಿದೆ ಎಂದು ನಿಮಗೆ ನೀವೇ ತೋರಿಸಿಕೊಳ್ಳಿ. ಅಂಗೈ ತೊಡೆಯ ಉದ್ದಕ್ಕೂ ಸವರಿಕೊಂಡು ಹೋಯಿತೆಂದರೆ ನೋವು ಸ್ನಾಯುವಿನಲ್ಲಿ ಹರಡಿಕೊಂಡಿದೆ. ಕೈ ತಾನಾಗಿಯೇ ತೋರುಬೆರಳನ್ನು ಚಾಚಿ ಮಂಡಿಚಿಪ್ಪಿನ ಕೆಳಗಿನ, ಹಿಮ್ಮಡಿಯ ಅಥವಾ ಭುಜದ ಸಂದಿನ ಒಂದು ಬಿಂದುವನ್ನು ಮುಟ್ಟಿತೆಂದರೆ ಅದು ಕೀಲು, ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ಇಲ್ಲವೇ ಮೂಳೆಯ ತೊಂದರೆ ಇರಬಹುದು. ಮುಂದೆ ಎರಡೂ ಕಾಲುಗಳನ್ನು ಹೋಲಿಸಿ. ಮೆಟ್ಟಿಲು ಇಳಿದ ನೋವು ಎರಡೂ ತೊಡೆಗಳಲ್ಲಿ ಹೆಚ್ಚುಕಡಿಮೆ ಸಮನಾಗಿರುತ್ತದೆ. ಒಂದೇ ಬದಿಯ ನೋವನ್ನು ಅನುಮಾನದಿಂದ ನೋಡಬೇಕು. ಒಂದೇ ಮೀನಖಂಡ ಊದಿಕೊಂಡು, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಸಾಧ್ಯತೆಯಿರುವುದರಿಂದ ಅದನ್ನು ತಿಕ್ಕಬೇಡಿ, ಅಂದೇ ವೈದ್ಯರಲ್ಲಿಗೆ ಹೋಗಿ.

ನೋವಿನ ಸ್ವಭಾವವನ್ನೂ ಗಮನಿಸಬೇಕು. ದಣಿದ ಸ್ನಾಯು ಸುಮ್ಮನೆ ಕುಳಿತಾಗ ಹೆಚ್ಚು ಕಾಡದೆ, ಏಳುವಾಗ, ಕೂರುವಾಗ, ಹೆಬ್ಬೆರಳಿನಿಂದ ಒತ್ತಿದಾಗ ಬಿಗಿಯಾಗಿ ನೋಯುತ್ತದೆ. ಚುಚ್ಚುವ ನೋವು, ಜೋಮು ಹಿಡಿಯುವುದು, ಕಾಲಿನುದ್ದಕ್ಕೂ ಹರಿಯುವ ಸೆಳೆತ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಇವು ಯಾವುವೂ ಈ ಗುಂಪಿಗೆ ಸೇರಿದವಲ್ಲ.

ಎರಡು ಎಚ್ಚರಿಕೆಗಳನ್ನು ಯಾರೂ ಕಡೆಗಣಿಸಬಾರದು. ವಿಪರೀತ ಬಸ್ಕಿ ಹೊಡೆದ ಒಂದೆರಡು ದಿನಗಳಲ್ಲಿ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿ, ತೊಡೆ ಊದಿಕೊಂಡು, ಕಾಲಿನಲ್ಲಿ ಶಕ್ತಿಯೇ ಇಲ್ಲವಾದರೆ, ಒಡೆದ ಸ್ನಾಯುಗಳ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಅಪಾಯ ಒದಗಿದೆ ಎಂದು ತಿಳಿದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು, ಜ್ವರದೊಂದಿಗೆ ಬಂದ ಮೈಕೈ ನೋವು. ಮಳೆಗಾಲದಲ್ಲಿ ಅದು ಡೆಂಗಿ ಅಥವಾ ಚಿಕೂನ್‌ಗುನ್ಯ ಆಗಿರಬಹುದು. ಆಗ ವ್ಯಾಯಾಮದ ಮಾತೇ ಬೇಡ. ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ನುಂಗುವವರು ಕಾರಣವಿಲ್ಲದ ಸ್ನಾಯು ನೋವನ್ನು ವೈದ್ಯರ ಗಮನಕ್ಕೆ ತರಬೇಕು.

3. ಹತ್ತು ನಿಮಿಷ ಪರೀಕ್ಷಿಸಿ

ಹಾಸಿಗೆಯಲ್ಲಿ ಮಲಗಿಕೊಂಡು ತೆಗೆದುಕೊಂಡ ನಿರ್ಧಾರವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಎದ್ದ ಕೂಡಲೇ ಸ್ನಾಯುಗಳು ಅತಿ ಬಿಗಿಯಾಗಿರುತ್ತವೆ. ಸಮತಟ್ಟಾದ ನೆಲದಲ್ಲಿ ಏಳು ನಿಮಿಷ ಆರಾಮವಾಗಿ ನಡೆಯಿರಿ. ನಂತರ ಕುರ್ಚಿಯ ಬೆನ್ನು ಹಿಡಿದು ಐದು ಅರ್ಧ ಬಸ್ಕಿಗಳನ್ನು, ಒಂದೊಂದಕ್ಕೂ ಮೂರು ಎಣಿಸುತ್ತ, ನಿಧಾನವಾಗಿ ತೆಗೆಯಿರಿ. ಬಿಗಿ ಸಡಿಲವಾಗಿ ನೋವು ಇಳಿಮುಖವಾಗಿದ್ದರೆ ಹಗುರ ವ್ಯಾಯಾಮಕ್ಕೆ ಅಡ್ಡಿಯಿಲ್ಲ. ನೋವು ಏರುತ್ತ ಹೋದರೆ ಅಲ್ಲಿಗೇ ನಿಲ್ಲಿಸಿ.

ನೋವಿಗಿಂತಲೂ ನಾನು ಹೆಚ್ಚು ನಂಬುವುದು ನಡಿಗೆಯನ್ನು. ಕುಂಟುತ್ತಿದ್ದೀರಾ, ಕೂರುವಾಗ ಭಾರವೆಲ್ಲ ಒಂದೇ ಕಾಲಿಗೆ ಬೀಳುತ್ತಿದೆಯೇ ಎಂದು ಮನೆಯವರೊಬ್ಬರಿಗೆ ನೋಡಲು ಹೇಳಿ. ನೋಯುವ ಸ್ನಾಯುವಿನ ಬಲ ಕುಗ್ಗಿರುತ್ತದೆ, ಕಾಲು ಪೂರ್ತಿ ಮಡಚುವುದಿಲ್ಲ. ಆ ಕೊರತೆಯನ್ನು ತುಂಬಲು ಹೋಗಿ ಸೊಂಟವೋ ಮಂಡಿಯೋ ಪೆಟ್ಟು ತಿನ್ನುತ್ತದೆ. ನಡಿಗೆ ಕೆಟ್ಟಿದ್ದರೆ ನೋವು ಸಣ್ಣದಿದ್ದರೂ ಆ ದಿನ ಕಾಲಿಗೆ ರಜೆ ಕೊಡಲೇಬೇಕು.

ಈ ಪರೀಕ್ಷೆಗೆ ಮೊದಲು ನೋವಿನ ಮಾತ್ರೆ ನುಂಗುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಮಾತ್ರೆ ನೋವನ್ನು ಮರೆಸುತ್ತದೆ, ಸ್ನಾಯುವಿನ ಸೀಳನ್ನು ಕೂಡಿಸುವುದಿಲ್ಲ. ಬೆವರಿ ನೀರು ಕಡಿಮೆಯಾದ ದೇಹಕ್ಕೆ ಐಬುಪ್ರೊಫೇನ್‌ನಂಥ ಮಾತ್ರೆಗಳು ಮೂತ್ರಪಿಂಡದ ಹೊರೆಯನ್ನೂ ಹೆಚ್ಚಿಸುತ್ತವೆ. ಘಮಘಮಿಸುವ ಸ್ಪ್ರೇ, ಮುಲಾಮುಗಳು ಚರ್ಮಕ್ಕೆ ತಂಪು ಅಥವಾ ಬಿಸಿಯ ಅನುಭವ ಕೊಟ್ಟು ಗಮನವನ್ನು ಬೇರೆಡೆಗೆ ಸೆಳೆಯುತ್ತವೆ, ಅಷ್ಟೇ. ಎರಡೇ ದಿನದಲ್ಲಿ ಸ್ನಾಯು ಸರಿಪಡಿಸುವುದಾಗಿ ಡಬ್ಬಿಯ ಮೇಲೆ ಬರೆದುಕೊಂಡ ಪುಡಿಗಳಿಗೆ ಹಣ ಸುರಿಯುವ ಬದಲು ಊಟದಲ್ಲಿ ಬೇಳೆ, ಕಾಳು, ಮೊಟ್ಟೆ ಹೆಚ್ಚಿಸಿ, ಒಂದು ಗಂಟೆ ಮೊದಲು ಮಲಗಿ. ವ್ಯಾಯಾಮಕ್ಕೆ ಮುಂಚೆ ಅಥವಾ ನಂತರ ಸ್ನಾಯುಗಳನ್ನು ಹಿಗ್ಗಿಸುವುದರಿಂದ ಈ ನೋವು ತಪ್ಪುತ್ತದೆ ಎಂಬ ನಂಬಿಕೆಗೂ ಅಧ್ಯಯನಗಳು ಹೆಚ್ಚಿನ ಬೆಂಬಲ ಕೊಟ್ಟಿಲ್ಲ. ಎಣ್ಣೆ ಹಚ್ಚಿ ಹಗುರವಾಗಿ ನೀವಿಸಿಕೊಂಡರೆ ತಕ್ಕಮಟ್ಟಿಗೆ ಹಿತವಾಗುತ್ತದೆ.

4. ಫಲಿತಾಂಶದಂತೆ ನಡೆಯಿರಿ

ಪರೀಕ್ಷೆಯಲ್ಲಿ ಪಾಸಾದವರು ನೋಯದ ಭಾಗಗಳಿಗೆ ಕೆಲಸ ಕೊಡಿ: ಕಾಲು ನೋಯುತ್ತಿದ್ದರೆ ಅಂದು ದಂಡ ಹೊಡೆಯಿರಿ, ತೋಳು ನೋಯುತ್ತಿದ್ದರೆ ನಡೆಯಿರಿ ಅಥವಾ ಸೈಕಲ್ ತುಳಿಯಿರಿ. ಅದೇ ಸ್ನಾಯುವಿಗೆ ಮತ್ತೆ ಭಾರ ಹೊರಿಸಲು ಕನಿಷ್ಠ 48 ಗಂಟೆ ಬಿಡಿ. ಅಷ್ಟಾದರೂ ಮುಟ್ಟಿದರೆ ನೋಯುತ್ತಿದ್ದರೆ ಇನ್ನೊಂದು ದಿನ ಕಾಯಿರಿ. ವಾರ ಕಳೆದರೂ ನೋವು ಇಳಿಯದಿದ್ದರೆ ವೈದ್ಯರಿಗೆ ತೋರಿಸಿ.

ಪರೀಕ್ಷೆಯಲ್ಲಿ ನಿಲ್ಲಿಸಬೇಕಾಗಿ ಬಂದವರೂ ದಿನವಿಡೀ ಮಲಗಬೇಕಾಗಿಲ್ಲ. ಗಂಟೆಗೊಮ್ಮೆ ಎದ್ದು ಮನೆಯೊಳಗೇ ಓಡಾಡಿದರೆ ಬಿಗಿ ಸ್ವಲ್ಪ ಹೊತ್ತಾದರೂ ಸಡಿಲವಾಗುತ್ತದೆ.

ಮತ್ತೆ ಶುರುಮಾಡುವ ದಿನ ಹಿಂದಿನ ಸಲದ ಅರ್ಧದಷ್ಟನ್ನು ಮಾತ್ರ ಮಾಡಿ. ಒಮ್ಮೆ ನೊಂದು ಕೂಡಿಕೊಂಡ ಸ್ನಾಯು ಅದೇ ಶ್ರಮಕ್ಕೆ ಎರಡನೆಯ ಬಾರಿ ಅಷ್ಟು ನೋಯುವುದಿಲ್ಲ, ಈ ರಕ್ಷಣೆ ಕೆಲವು ವಾರಗಳವರೆಗೂ ಉಳಿಯುತ್ತದೆ. ಆದ್ದರಿಂದ ಮುಂದಿನ ಆಷಾಢಕ್ಕೆ ಬೆಟ್ಟ ಹತ್ತಬೇಕೆನ್ನುವವರು ಒಂದು ತಿಂಗಳು ಮೊದಲೇ, ವಾರಕ್ಕೆ ಎರಡು ದಿನ, ಮನೆಯ ಅಥವಾ ಕಚೇರಿಯ ಮೆಟ್ಟಿಲುಗಳನ್ನು ಹತ್ತುವುದಕ್ಕಿಂತಲೂ ಇಳಿಯುವುದನ್ನು ಅಭ್ಯಾಸ ಮಾಡಿ. ಮೊದಲ ವಾರಕ್ಕೆ ಐವತ್ತು ಮೆಟ್ಟಿಲು ಸಾಕು.