ಮಂಡಲದ ಹಾವು ಈಗ ಏನು ಮಾಡುತ್ತಿರಬಹುದು? ಲೆಕ್ಕ ಹಾಕುವುದು ಹೀಗೆ

ಹಾವಿನ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ‘ಎಲ್ಲಿರುತ್ತದೆ?’ ಎಂದು. ಮಂಡಲದ ಹಾವುಗಳ ವಿಷಯದಲ್ಲಿ ಅದಕ್ಕಿಂತ ಉಪಯೋಗಕ್ಕೆ ಬರುವ ಪ್ರಶ್ನೆ ‘ಯಾವಾಗ?’ ಎಂಬುದು. ಒಂದು ತಿಂಗಳು ಏಳೆಂಟು ಹಾವು ಬಿಸಿಲು ಕಾಯಿಸುತ್ತಿದ್ದ ಬಂಡೆಯ ಮೇಲೆ ಮುಂದಿನ ತಿಂಗಳು ಒಂದೂ ಕಾಣದಿರಬಹುದು. ಹಾವನ್ನು ಮುಟ್ಟದೆ, ಕೆಣಕದೆ, ದೂರದಿಂದಲೇ ಅದರ ದಿನಚರಿಯನ್ನು ಊಹಿಸುವ ಕ್ರಮ ಇಲ್ಲಿದೆ.

ಹೆಜ್ಜೆ 1: ಅದು ಮಂಡಲವೇ, ನೋಡಿ

ದಪ್ಪ ಮೈ, ಗಿಡ್ಡ ಬಾಲ, ಸಣ್ಣ ಕುತ್ತಿಗೆಯ ಮೇಲೆ ಅಗಲವಾದ ತಲೆ, ಬೆಕ್ಕಿನದರಂತೆ ನೆಟ್ಟಗೆ ಸೀಳಿದ ಕಣ್ಣಪಾಪೆ. ಇವುಗಳಲ್ಲಿ ಯಾವುದೋ ಒಂದನ್ನೇ ನೆಚ್ಚಿಕೊಳ್ಳಬೇಡಿ. ಹೆದರಿದಾಗ ತಲೆ ಚಪ್ಪಟೆ ಮಾಡಿ ತ್ರಿಕೋನ ತೋರಿಸುವ ನಿರುಪದ್ರವಿ ಹಾವುಗಳು ಬೇಕಾದಷ್ಟಿವೆ. ಈ ಕುಟುಂಬದಲ್ಲಿ 350ಕ್ಕೂ ಹೆಚ್ಚು ಪ್ರಭೇದಗಳಿವೆ. ಆಸ್ಟ್ರೇಲಿಯಾ, ಮಡಗಾಸ್ಕರ್‌ನಂಥ ಕೆಲವು ಕಡೆ ಒಂದೂ ಇಲ್ಲ.

ಒಳಗಿನ ಗುರುತು ಇನ್ನೂ ಸ್ವಾರಸ್ಯದ್ದು. ವಿಷದ ಹಲ್ಲು ಉದ್ದವಾಗಿರುವುದರಿಂದ ಬಾಯಿ ಮುಚ್ಚಿದಾಗ ಅದು ಮಡಚುವ ಚಾಕುವಿನ ಹಾಗೆ ಹಿಂದಕ್ಕೆ ಮಲಗುತ್ತದೆ. ಆಫ್ರಿಕಾದ ಗಬೂನ್ ಮಂಡಲದ ಹಲ್ಲು 5 ಸೆಂ.ಮೀ.ವರೆಗೆ ಬೆಳೆಯುತ್ತದೆ, ಹಾವುಗಳಲ್ಲೇ ಅತಿ ಉದ್ದದ್ದು. ಗುಳಿಮಂಡಲಗಳಿಗೆ ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಒಂದೊಂದು ಗುಳಿ ಇರುತ್ತದೆ. ಕತ್ತಲಲ್ಲಿ ಇಲಿಯ ಮೈಬಿಸಿಯನ್ನು ಹಿಡಿಯುವುದು ಅದರ ಕೆಲಸ.

ಹೆಜ್ಜೆ 2: ಕ್ಯಾಲೆಂಡರ್ ಬಿಟ್ಟು ಬಿಸಿಲು ನೋಡಿ

ಹಾವಿಗೆ ತನ್ನದೇ ಮೈಬಿಸಿ ಇಲ್ಲ, ಎಲ್ಲವೂ ಬಿಸಿಲಿನ, ಕಲ್ಲಿನ ಸಾಲ. ಮೈ ಕಾಯದಿದ್ದರೆ ನುಂಗಿದ್ದು ಅರಗುವುದಿಲ್ಲ, ಹೊಟ್ಟೆಯಲ್ಲೇ ಕೊಳೆಯುವ ಅಪಾಯವೂ ಉಂಟು. ಆದ್ದರಿಂದ ‘ಈಗ ಯಾವ ತಿಂಗಳು’ ಎನ್ನುವುದಕ್ಕಿಂತ ‘ಇವತ್ತು ನೆಲ ಎಷ್ಟು ಕಾದಿದೆ’ ಎಂದು ಕೇಳಿಕೊಳ್ಳಿ. ಉರಿಬಿಸಿಲಿನ ಕಾಲದಲ್ಲಿ ರಾತ್ರಿ ಓಡಾಡುವ ಕೊಳಕುಮಂಡಲ, ಚಳಿ ಬಿದ್ದಾಗ ಹಗಲಲ್ಲೂ ಹೊರಗೆ ಕಾಣಿಸಿಕೊಳ್ಳುತ್ತದೆ.

ಮಂಡಲವನ್ನು ಸೋಮಾರಿ ಹಾವು ಎನ್ನುವವರಿದ್ದಾರೆ. ನನಗೇನೋ ಇದು ಕೈಬಿಗಿಹಿಡಿದ ಸಂಸಾರದಂತೆ ಕಾಣುತ್ತದೆ. ಇಲಿ ಓಡಾಡುವ ಜಾಡಿನ ಪಕ್ಕ ಸುರುಳಿ ಸುತ್ತಿ ದಿನಗಟ್ಟಲೆ ಕಾಯುತ್ತದೆ. ಎರಗುವುದಕ್ಕೆ ಬೇಕಾಗುವುದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಹೆಚ್ಚಿನವು ಕಚ್ಚಿದ ಇಲಿಯನ್ನು ಹಿಡಿದುಕೊಳ್ಳದೆ ಬಿಟ್ಟುಬಿಡುತ್ತವೆ, ಆಮೇಲೆ ನಾಲಿಗೆ ಆಡಿಸುತ್ತ ವಾಸನೆ ಹಿಡಿದು ಹೋಗಿ ಸತ್ತ ಇಲಿಯನ್ನು ನುಂಗುತ್ತವೆ. ಅಮೆರಿಕದ ಗುಳಿಮಂಡಲ ಟಿಂಬರ್ ರ‍್ಯಾಟಲ್‌ಸ್ನೇಕ್‌ಗೆ ವರ್ಷಕ್ಕೆ ಹತ್ತಿಪ್ಪತ್ತು ಊಟವಾದರೆ ಸಾಕು.

ಹೆಜ್ಜೆ 3: ಚಳಿದೇಶವಾದರೆ ಗಂಡಿನಿಂದ ಎಣಿಸಿ

ಯುರೋಪಿನ ಆಡರ್ ಹಾವಿನಷ್ಟು ಕಟ್ಟುನಿಟ್ಟಿನ ವರ್ಷ ಇನ್ನೊಂದು ಹಾವಿಗೆ ಇರಲಿಕ್ಕಿಲ್ಲ. ಬ್ರಿಟನ್‌ನಿಂದ ರಷ್ಯಾದ ಪೂರ್ವ ತುದಿಯ ಸಖಾಲಿನ್ ದ್ವೀಪದವರೆಗೆ ಹರಡಿರುವ ಈ ಮಂಡಲ ಆರ್ಕ್ಟಿಕ್ ವೃತ್ತದ ಆಚೆಗೂ ಬದುಕುತ್ತದೆ. ಬ್ರಿಟನ್‌ನಲ್ಲಿ ಫೆಬ್ರುವರಿ ಕೊನೆ, ಮಾರ್ಚ್ ಹೊತ್ತಿಗೆ ಮೊದಲು ಗಂಡುಗಳು ಚಳಿಗಾಲದ ಉದ್ದ ನಿದ್ದೆ ಮುಗಿಸಿ ಬಿಲದಿಂದ ಹೊರಬಂದು ಬಾಗಿಲಲ್ಲೇ ಬಿಸಿಲಿಗೆ ಮೈಯೊಡ್ಡುತ್ತವೆ. ಬೇಟೆಯ ಯೋಚನೆಯೇ ಇಲ್ಲ. ವೀರ್ಯ ಪಕ್ವವಾಗಲು ಆ ಬಿಸಿಲು ಬೇಕು. ಹೆಣ್ಣುಗಳು ಕೆಲವು ವಾರ ತಡವಾಗಿ ಬರುತ್ತವೆ.

ಏಪ್ರಿಲ್‌ನಲ್ಲಿ ಗಂಡು ಪೊರೆ ಬಿಡುತ್ತದೆ. ಮಾಸಲಾಗಿದ್ದ ಮೈ ಬೆಳ್ಳಿಯಂತಾಗಿ, ಬೆನ್ನಿನ ಕಪ್ಪು ಅಂಕುಡೊಂಕು ಪಟ್ಟೆ ಎದ್ದು ಕಾಣುತ್ತದೆ. ಪೊರೆ ಬಿಟ್ಟ ಗಂಡು ಕಂಡಿತೆಂದರೆ ಜೋಡಿ ಹುಡುಕಾಟ ಶುರುವಾಯಿತೆಂದೇ ಲೆಕ್ಕ. ಎರಡು ಹಾವು ಮುಂಭಾಗ ಎತ್ತಿ ಹೆಣೆದುಕೊಂಡು ತೂಗುವುದನ್ನು ಕಂಡು ಮಿಲನವೆಂದು ಬಹುಕಾಲ ನಂಬಿದ್ದರು. ಅಲ್ಲಿರುವುದು ಎರಡೂ ಗಂಡು! ಒಂದನ್ನೊಂದು ನೆಲಕ್ಕೆ ಒತ್ತುವ ಕುಸ್ತಿ ಅದು. ಕಚ್ಚುವುದಿಲ್ಲ, ಸೋತದ್ದು ಜಾಗ ಬಿಡುತ್ತದೆ.

ಹೆಜ್ಜೆ 4: ಬೇಸಿಗೆಯಲ್ಲಿ ಒಂದೇ ಕಡೆ ಕೂತದ್ದು ಹೆಣ್ಣೇ

ಗಂಡುಗಳು ಹುಲ್ಲುಗಾವಲಿನತ್ತ ಚದುರಿ ಹೋದ ಮೇಲೂ ದಿನವೂ ಅದೇ ಕಲ್ಲಿನ ಮೇಲೆ ಕಾಣುವುದು ಬಹುಮಟ್ಟಿಗೆ ಬಸಿರಿ. ಮರಿಗೆ ಕಾವು ಕೊಡುವುದು ಅವಳ ಮೈಯೇ. ಮೊಟ್ಟೆಯಿಟ್ಟು ಹೋದರೆ ಅದು ತಣ್ಣೆಲದಲ್ಲಿ ಕೆಟ್ಟೀತು. ಹೊಟ್ಟೆಯಲ್ಲಿ ಹೊತ್ತರೆ ಬಿಸಿಲಿದ್ದ ಕಡೆಗೆ ಒಯ್ಯಬಹುದು. ಈ ಕುಟುಂಬದ ಹೆಚ್ಚಿನ ಹಾವುಗಳು ಮರಿಯನ್ನೇ ಹಾಕುವುದಕ್ಕೆ ಇದೊಂದು ದೊಡ್ಡ ಕಾರಣವೆನ್ನುತ್ತಾರೆ. ಹಾಗೆಂದು ಎಲ್ಲವೂ ಅಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಬುಶ್‌ಮಾಸ್ಟರ್, ಆಗ್ನೇಯ ಏಷ್ಯಾದ ಮಲಯನ್ ಗುಳಿಮಂಡಲ ಮೊಟ್ಟೆಯಿಡುತ್ತವೆ.

ಬಸಿರಿನಲ್ಲಿ ಆಡರ್ ಹೆಣ್ಣು ಉಣ್ಣುವುದೇ ಅಪರೂಪ. ಹಿಂದಿನ ವರ್ಷ ಕೂಡಿಟ್ಟ ಕೊಬ್ಬನ್ನೇ ಕರಗಿಸಿ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮರಿ ಹಾಕುವ ಹೊತ್ತಿಗೆ ಸೊರಗಿ ಹೋಗಿರುತ್ತಾಳೆ. ಹೀಗಾಗಿ ವರ್ಷ ಬಿಟ್ಟು ವರ್ಷ ಹೆರಿಗೆ. ಚಳಿ ಹೆಚ್ಚಿದ್ದ ಕಡೆ ಅಂತರ ಇನ್ನೂ ಹೆಚ್ಚು. ಟಿಂಬರ್ ರ‍್ಯಾಟಲ್‌ಸ್ನೇಕ್ ಮರಿಗಳು ಮೊದಲ ಪೊರೆ ಬಿಡುವ ತನಕ ತಾಯಿ ಪಕ್ಕದಲ್ಲೇ ಇರುತ್ತಾಳೆ. ಚಳಿಗಾಲದ ಬಿಲ ಎಲ್ಲಿದೆಯೆಂದು ಮರಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ, ದೊಡ್ಡ ಹಾವುಗಳು ಹೋದ ವಾಸನೆಯ ಜಾಡು ಹಿಡಿದು ಹೋಗುತ್ತವೆ.

ಹೆಜ್ಜೆ 5: ಬಿಸಿನಾಡಾದರೆ ಮಳೆ ನೋಡಿ

ಹಿಮ ಬೀಳದ ಕಡೆ ಉದ್ದ ನಿದ್ದೆಯಿಲ್ಲ, ಮಳೆಯೇ ಗಡಿಯಾರ. ದಕ್ಷಿಣ ಏಷ್ಯಾದ ಕೊಳಕುಮಂಡಲ ವರ್ಷದ ಆರಂಭದಲ್ಲಿ ಕೂಡಿ, ಹೆಚ್ಚಾಗಿ ಜೂನ್–ಜುಲೈನಲ್ಲಿ ಮರಿ ಹಾಕುತ್ತದೆ. ಒಂದು ಸೂಲಿಗೆ 20ರಿಂದ 40 ಮರಿ ಸಾಮಾನ್ಯ. ಮಳೆಗೆ ಕಪ್ಪೆ, ಹಲ್ಲಿ ಹೆಚ್ಚುವ ಹೊತ್ತಿಗೆ ಮರಿಗಳೂ ಹುಟ್ಟಿರುತ್ತವೆ. ಹಲವು ಗುಳಿಮಂಡಲಗಳ ಮರಿಗೆ ಬಾಲದ ತುದಿ ಹಳದಿ. ಅದನ್ನು ಹುಳುವಿನಂತೆ ಆಡಿಸಿ ಕಪ್ಪೆಯನ್ನು ಹತ್ತಿರ ಕರೆಯುತ್ತದೆ. ಮರಿಯ ವಿಷ ದೊಡ್ಡದಕ್ಕಿಂತ ಅಪಾಯ ಎಂಬ ಮಾತು ಸುಳ್ಳು, ಆದರೆ ಮರಿಯಲ್ಲೂ ವಿಷವಿದೆ.

ನೋಡಲು ಹೋಗುವವರಿಗೆ: ಮೂರ್ನಾಲ್ಕು ಮೀಟರ್ ದೂರ, ಮುಚ್ಚಿದ ಬೂಟು, ಕತ್ತಲಲ್ಲಿ ಟಾರ್ಚು. ಕಾಣದ ಸಂದಿಗೆ ಕೈ ಬೇಡ. ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಉಂಗುರ, ಬಳೆ ತೆಗೆದು, ಆ ಕೈಕಾಲು ಅಲುಗಿಸದೆ ನೇರ ಆಸ್ಪತ್ರೆಗೆ.

ಹೆಜ್ಜೆ 6: ಲೆಕ್ಕ ತಪ್ಪಿದರೆ ಊಟ ಯಾವುದು ಕೇಳಿ

ಚೀನಾದ ಶೆದಾವೊ ದ್ವೀಪ ಒಂದು ಚದರ ಕಿ.ಮೀ. ಕೂಡ ಇಲ್ಲ, ಅಲ್ಲಿ ಸಾವಿರಾರು ಗುಳಿಮಂಡಲಗಳಿವೆ. ಚಳಿಗಾಲದಲ್ಲಿ ಮಲಗುತ್ತವೆ, ಸರಿ. ಮೈ ಕಾಯಿಸಲು ಬಿಸಿಲು ಧಾರಾಳವಾಗಿರುವ ನಡುಬೇಸಿಗೆಯಲ್ಲೂ ಮಂಕಾಗಿ ಅಡಗುತ್ತವೆ! ಇಲ್ಲಿ ಬರಿಯ ಬಿಸಿಲಿನ ಲೆಕ್ಕ ಸಾಲದು. ದೊಡ್ಡ ಹಾವುಗಳ ಊಟ ವಲಸೆ ಹಕ್ಕಿಗಳು, ಅವು ದ್ವೀಪದಲ್ಲಿ ಇಳಿಯುವುದು ವಸಂತದಲ್ಲಿ ಒಮ್ಮೆ, ಶರತ್ಕಾಲದಲ್ಲಿ ಒಮ್ಮೆ. ಆ ವಾರಗಳಲ್ಲಿ ಹಾವುಗಳು ಮರವೇರಿ, ಹಕ್ಕಿ ಕೂರುವ ಕೊಂಬೆಯಲ್ಲಿ ಕಾಯುತ್ತ ಅಲುಗದೆ ಇರುತ್ತವೆ.