ಹಬೆಯ ಹಂಡೆಯಲ್ಲಿ ನೀರು ಎಷ್ಟಿದೆ?

ಮಜ್ಜಿಗೆ ಹುಲ್ಲಿನಿಂದ ಮನೆಯಲ್ಲೇ ಎಣ್ಣೆ ಇಳಿಸಲು ಹೊರಟವರು ನನ್ನಲ್ಲಿಗೆ ಬಂದಾಗ ಮೊದಲು ಕೇಳುವುದು ಹುಲ್ಲಿನ ತಳಿಯ ಬಗ್ಗೆ, ಆಮೇಲೆ ಎಣ್ಣೆ ಎಷ್ಟು ಸಿಗುತ್ತದೆ ಎಂಬುದರ ಬಗ್ಗೆ. ಹುಲ್ಲಿನ ಪಾತ್ರೆಗೆ ಹಾಯಿಸುವ ಹಬೆಯನ್ನು ಏಳಿಸುವ ಹಂಡೆಯಲ್ಲಿ ನೀರು ಎಷ್ಟು ಉಳಿದಿದೆಯೆಂದು ತಿಳಿಯುವುದು ಹೇಗೆ ಎಂದು ಕೇಳಿದವರು ಕಡಿಮೆ. ಕೇಳಿದವರಲ್ಲೂ ಹೆಚ್ಚಿನವರು ಒಮ್ಮೆ ಹೀಟರ್ ಸುಟ್ಟುಕೊಂಡ ಮೇಲೆ ಬಂದವರು. ಬಟ್ಟಿ ಎಂದ ಕೂಡಲೇ ಹುಬ್ಬೇರಿಸುವ ನೆಂಟರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ: ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ಯ ಇಳಿಸುವುದು ನಮ್ಮಲ್ಲಿ ಅಪರಾಧ, ಆ ದಾರಿಯವರಿಗೆ ನನ್ನಲ್ಲಿ ಸಲಹೆಯಿಲ್ಲ.

ನನ್ನ ತಾಯಿ ಇಡ್ಲಿ ಪಾತ್ರೆಯ ತಳದಲ್ಲಿ ಒಂದು ಹಳೆಯ ನಾಣ್ಯ ಹಾಕಿಡುತ್ತಿದ್ದರು. ನೀರು ಕುದಿಯುವಷ್ಟು ಹೊತ್ತು ಅದು ಟಣಟಣ ಎನ್ನುತ್ತಿತ್ತು. ಸದ್ದು ನಿಂತಿತೆಂದರೆ ಅವರು ಬಚ್ಚಲಲ್ಲಿದ್ದರೂ ಅಲ್ಲಿಂದಲೇ ಕೂಗಿ ಒಲೆ ಆರಿಸಲು ಹೇಳುತ್ತಿದ್ದರು. ತಳಕ್ಕೆ ಬೆಂಕಿ ತಾಗುವ ಹಂಡೆಗೆ ಆ ಉಪಾಯ ಇಂದಿಗೂ ನಡೆಯುತ್ತದೆ, ಆದರೆ ನಾಣ್ಯ ಬಾಯಿ ಮುಚ್ಚುವುದು ನೀರು ಮುಗಿಯುತ್ತ ಬಂದಾಗಲೇ. ಇಡ್ಲಿಗೆ ಅಷ್ಟು ಸಾಕು. ಎರಡೂವರೆ ತಾಸು ಎಡೆಬಿಡದೆ ಹಬೆ ಕೊಡಬೇಕಾದ ಹಂಡೆಗೆ, ಅದರಲ್ಲೂ ಕೆಂಡವನ್ನು ಒಮ್ಮೆಲೇ ಆರಿಸಲಾಗದ ಸೌದೆ ಒಲೆಯ ಮೇಲಿನ ಹಂಡೆಗೆ, ಅದಕ್ಕಿಂತ ಬಹಳ ಮುಂಚೆಯೇ ಸೂಚನೆ ಸಿಗಬೇಕು.

ಈಗಿನ ಹಂಡೆಗಳಿಗೆ ಪಕ್ಕದಲ್ಲಿ ಗಾಜಿನ ಕೊಳವೆ ಇರುತ್ತದೆ, ಎಲ್ಲರೂ ಅದನ್ನೇ ನೋಡುತ್ತಾರೆ. ಗಾಜು ಸತ್ಯ ಹೇಳಬೇಕಾದರೆ ಅದರ ಕೆಳತುದಿ ನೀರಿಗೂ ಮೇಲ್ತುದಿ ಹಂಡೆಯೊಳಗಿನ ಹಬೆಗೂ ಸೇರಿರಬೇಕು. ಖರ್ಚು ಉಳಿಸಲು ಮೇಲ್ತುದಿಯನ್ನು ಗಾಳಿಗೆ ತೆರೆದೇ ಬಿಟ್ಟಿರುವ ಹಂಡೆಗಳನ್ನು ನಾನು ಕಂಡಿದ್ದೇನೆ. ಹುಲ್ಲು ಒತ್ತಾಗಿ ತುಂಬಿದ್ದು ಹಬೆಗೆ ತಡೆಯಾಗಿ ಒಳಗಿನ ಒತ್ತಡ ಸ್ವಲ್ಪ ಏರಿದರೂ ಅಂಥ ಕೊಳವೆಯಲ್ಲಿ ನೀರು ಹಂಡೆಯಲ್ಲಿರುವುದಕ್ಕಿಂತ ಎತ್ತರಕ್ಕೆ ಏರಿ ನಿಲ್ಲುತ್ತದೆ. 20 ಸೆಂಟಿಮೀಟರ್ ನೀರಿನಷ್ಟು ಒತ್ತಡವಿದ್ದರೆ ಗಾಜು 20 ಸೆಂಟಿಮೀಟರ್ ಹೆಚ್ಚೇ ತೋರಿಸುತ್ತದೆ. ಹಂಡೆ ಅರ್ಧ ಬರಿದಾಗಿರುವಾಗ ತುಂಬಿದಂತೆ ಕಾಣುವುದಕ್ಕೆ ಇಷ್ಟು ಸಾಕು.

ಸರಿಯಾಗಿ ಜೋಡಿಸಿದ ಗಾಜೂ ನನಗೆ ಒಮ್ಮೆ ಕೈಕೊಟ್ಟಿದೆ. ನಾವು ಸಾಮಾನ್ಯವಾಗಿ ಗುಡ್ಡದ ಝರಿಯ ನೀರನ್ನೇ ಹಂಡೆಗೆ ಹಾಕುತ್ತಿದ್ದೆವು. ಒಂದು ಬೇಸಿಗೆಯಲ್ಲಿ ಝರಿ ಬತ್ತಿದ್ದರಿಂದ ಕೊಳವೆ ಬಾವಿಯ ಗಡಸು ನೀರು ಬಳಸಬೇಕಾಯಿತು, ಅದರ ಬಿಳಿ ಸುಣ್ಣ ಗಾಜನ್ನು ಹಂಡೆಗೆ ಸೇರಿಸುವ ಕೆಳಗಿನ ನಲ್ಲಿಯಲ್ಲಿ ಕಟ್ಟಿಕೊಳ್ಳುತ್ತಿರುವುದು ನನ್ನ ಗಮನಕ್ಕೆ ಬರಲಿಲ್ಲ. ಗಾಜಿನಲ್ಲಿ ನೀರು ಅರ್ಧಕ್ಕೆ ನಿಂತೇ ಇತ್ತು, ನಾನು ನಿಶ್ಚಿಂತೆಯಿಂದ ಅಡಿಕೆ ಆರಿಸುತ್ತ ಕುಳಿತಿದ್ದೆ. ಮೂಗಿಗೆ ಸುಟ್ಟ ವಾಸನೆ ಬಡಿದಾಗ ಹೀಟರಿನ ಸುರುಳಿ ನೀರಿನಿಂದ ಮೇಲೆದ್ದು ಕರಕಲಾಗಿತ್ತು, ಆ ದಿನದ ಎಣ್ಣೆಯೂ ಕಮಟು ಹಿಡಿದಿತ್ತು. ಆಮೇಲೆ ಯೋಚಿಸಿದಾಗ ತಿಳಿಯಿತು, ಗಾಜು ಸುಳಿವನ್ನು ಕೊಟ್ಟೇ ಇತ್ತು: ಒಳಗೆ ನೀರು ಕುದಿಯುತ್ತಿರುವಾಗ ಗಾಜಿನೊಳಗಿನ ನೀರು ಸದಾ ಸ್ವಲ್ಪ ನಡುಗುತ್ತಿರುತ್ತದೆ, ಅಂದು ಅದು ಕೊಳದ ನೀರಿನಂತೆ ನಿಶ್ಚಲವಾಗಿತ್ತು.

ಅಂದಿನಿಂದ ಪ್ರತಿ ಸಲ ಹಬೆ ಏಳುವ ಹೊತ್ತಿಗೆ ಗಾಜಿನ ಅಡಿಯ ಸಣ್ಣ ನಲ್ಲಿಯನ್ನು ಎರಡು ಮೂರು ಕ್ಷಣ ತೆರೆದು ಮುಚ್ಚುತ್ತೇನೆ. ಗಾಜು ಬರಿದಾಗಿ, ನಲ್ಲಿ ಮುಚ್ಚಿದ ಕೂಡಲೇ ನೀರು ಚಂಗನೆ ಹಳೆಯ ಗುರುತಿಗೆ ಮರಳಿದರೆ ದಾರಿ ಶುದ್ಧವಾಗಿದೆ. ತೆವಳುತ್ತ ಬಂದರೆ ಕೆಳಗಿನ ದಾರಿ ಕಟ್ಟುತ್ತಿದೆ. ಹಳೆಯ ಗುರುತನ್ನೂ ಮೀರಿ ಏರಿದರೆ ಮೇಲಿನ ದಾರಿ ಕಟ್ಟಿದೆ. ಆ ನೀರು ಕುದಿಯುವ ನೀರೆಂಬುದನ್ನು ಮರೆಯದೆ ನಲ್ಲಿಯ ಕೆಳಗೆ ಪಾತ್ರೆಯೊಂದನ್ನು ಇಟ್ಟುಕೊಳ್ಳಬೇಕು.

ಆದರೂ ನಾನು ಹೆಚ್ಚು ನಂಬುವುದು ಗಾಜನ್ನಲ್ಲ, ಹೊರಗೆ ಬಂದ ನೀರನ್ನು. ನನ್ನ ಹಂಡೆ 24 ಲೀಟರಿನದು. ನೊರೆಗೆ ಜಾಗ ಬಿಟ್ಟು 18 ಲೀಟರ್ ತುಂಬುತ್ತೇನೆ. ಹೀಟರಿನ ಸುರುಳಿ ಮುಳುಗಿ ಅದರ ಮೇಲೆ ಮೂರು ಬೆರಳು ನೀರು ನಿಲ್ಲಲು 6 ಲೀಟರ್ ಬೇಕು, ಆದ್ದರಿಂದ ನನ್ನ ಕೈಯಲ್ಲಿ ಖರ್ಚಿಗೆ ಇರುವುದು 12 ಲೀಟರ್. ಮೂರು ಕಿಲೋವಾಟ್ ಹೀಟರ್ ಗಂಟೆಗೆ ಸುಮಾರು ನಾಲ್ಕೂವರೆ ಲೀಟರ್ ನೀರನ್ನು ಹಬೆ ಮಾಡುತ್ತದೆ, ಅಂದರೆ ಎರಡೂವರೆ ತಾಸಿಗೆ 11 ಲೀಟರಿಗಿಂತ ತುಸು ಹೆಚ್ಚು. ಅಡುಗೆಮನೆಯ ಗ್ಯಾಸ್ ಒಲೆಯಾದರೆ ಶಾಖದ ಒಂದಷ್ಟು ಪಾಲು ಪಕ್ಕಕ್ಕೆ ಹೋಗುವುದರಿಂದ ಗಂಟೆಗೆ ಎರಡು ಲೀಟರ್ ಆದೀತು. ಹಬೆಯನ್ನು ತಣಿಸಿ ನೀರಾಗಿಸುವ ಕಂಡೆನ್ಸರಿನ ಬಾಯಲ್ಲಿ ಲೀಟರ್ ಗುರುತಿರುವ ಪಾತ್ರೆಯಿಟ್ಟು, ಎಣ್ಣೆ ತೇಲಿ ಬೇರೆಯಾದ ಮೇಲೆ ಕೆಳಗಿನ ನೀರನ್ನು ಅಳೆದು ಚೀಟಿಯಲ್ಲಿ ಗೆರೆ ಹಾಕುತ್ತ ಹೋದರೆ ಒಳಗಿನ ಲೆಕ್ಕ ತಾನಾಗಿಯೇ ತಿಳಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೊದಲ ಹಬೆ ಹೊರಗೆ ಬರುವುದೇ ಇಲ್ಲ. ಹುಲ್ಲು ಅದನ್ನು ಕುಡಿಯುತ್ತದೆ. ಹತ್ತು ಕಿಲೋ ಹುಲ್ಲು ಕಾದು ಹದಕ್ಕೆ ಬರುವುದಕ್ಕೇ ಸುಮಾರು ಒಂದು ಲೀಟರ್ ನೀರಿನ ಹಬೆ ಬೇಕು, ಹುಲ್ಲಿನ ಪಾತ್ರೆ ಮತ್ತು ಕೊಳವೆ ಬಿಸಿಯಾಗಲು ಇನ್ನಷ್ಟು. ಹೀಗಾಗಿ ಹೊರಗೆ ಬಂದದ್ದಕ್ಕೆ ಎರಡು ಲೀಟರ್ ಸೇರಿಸಿ ಲೆಕ್ಕ ಹಿಡಿಯುತ್ತೇನೆ, ಪಾತ್ರೆಯಲ್ಲಿ ಹತ್ತನೆಯ ಗೆರೆ ಮುಟ್ಟಿದೊಡನೆ ಎಣ್ಣೆ ಇನ್ನೂ ತೊಟ್ಟಿಕ್ಕುತ್ತಿದ್ದರೂ ಸ್ವಿಚ್ ಆರಿಸುತ್ತೇನೆ. ಹತ್ತು ಕಿಲೋ ಹಸಿ ಹುಲ್ಲಿಗೆ ಸಿಗುವ ಎಣ್ಣೆ 30ರಿಂದ 50 ಮಿಲಿಲೀಟರ್, ಅದರ ಮುಕ್ಕಾಲು ಪಾಲಿಗಿಂತ ಹೆಚ್ಚು ಆಗಲೇ ಬಂದಿರುತ್ತದೆ. ಕೊನೆಯ ಚಮಚಕ್ಕಾಗಿ ಹೀಟರನ್ನು ಕಳೆದುಕೊಳ್ಳುವುದು ಲಾಭದ ವ್ಯಾಪಾರವಲ್ಲ.

ಎರಡನೆಯ ಕಾವಲುಗಾರನಾಗಿ ಹಂಡೆಯ ಮುಚ್ಚಳದ ಮೂಲಕ ಒಂದು ಸ್ಟೀಲ್ ಕೊಳವೆಯನ್ನು ಇಳಿಸಿ ಬೆಸುಗೆ ಹಾಕಿಸಿದ್ದೇನೆ. ಅರ್ಧ ಇಂಚಿಗಿಂತ ಸಣ್ಣದಲ್ಲದ ಈ ಕೊಳವೆ ಮುಚ್ಚಳದ ಮೇಲೆ ಒಂದು ಮೀಟರ್ ಎತ್ತರವಿದೆ, ಕೆಳತುದಿ ಸುರುಳಿಗಿಂತ ಮೂರು ಬೆರಳು ಮೇಲಿದೆ, ಬಾಯಿ ಗೋಡೆಯ ಕಡೆಗೆ ಬಾಗಿ ಸದಾ ತೆರೆದಿರುತ್ತದೆ. ಒಳಗೆ ನೀರು ಸಾಕಷ್ಟಿದ್ದರೆ ತುದಿ ಮುಳುಗಿರುವುದರಿಂದ ಹಬೆ ಅಲ್ಲಿಂದ ಬರುವುದಿಲ್ಲ. ನೀರು ಇಳಿದು ತುದಿ ಬಯಲಾಯಿತೋ, ಗುಳುಗುಳು ಸದ್ದಿನೊಂದಿಗೆ ಹಬೆ ಬುಸ್ಸೆಂದು ಕೊಳವೆಯಿಂದಲೇ ಹೊರಡುತ್ತದೆ, ಕಂಡೆನ್ಸರಿನ ಧಾರೆ ಸಣ್ಣಗಾಗುತ್ತದೆ. ಸುರುಳಿ ಇನ್ನೂ ನೀರಿನಲ್ಲೇ ಇರುತ್ತದೆ. ಹುಲ್ಲಿನ ಚೂರು ಎಲ್ಲಾದರೂ ಸಿಕ್ಕಿ ದಾರಿ ಕಟ್ಟಿದರೆ ಒತ್ತಡಕ್ಕೆ ನೀರು ಇದೇ ಕೊಳವೆಯಲ್ಲಿ ಮೇಲೇರಿ ಚೆಲ್ಲುತ್ತದೆ, ಹಂಡೆ ಬಿರಿಯುವುದಿಲ್ಲ. ಗೋಡೆಯ ಕಡೆಗೆ ಬಾಗಿಸಿದ್ದು ಆ ಬಿಸಿನೀರು ಮೈಮೇಲೆ ಬೀಳದಿರಲೆಂದು. ವಿದ್ಯುತ್ತಿನ ಸೆನ್ಸರ್ ಹಾಕಿಸಿಕೊಂಡ ಮೊಮ್ಮಗನಿಗೆ ನನ್ನ ಕೊಳವೆ ಹಳೆಯ ಕಾಲದ್ದೆನಿಸುತ್ತದೆ, ಆದರೆ ಮಳೆನೀರಿನಲ್ಲಿ ಲವಣ ತೀರಾ ಕಡಿಮೆಯಿದ್ದು ವಿದ್ಯುತ್ ಸರಿಯಾಗಿ ಹರಿಯದೆ ಆ ಸೆನ್ಸರ್ ಹಂಡೆ ತುಂಬಿದ್ದರೂ ಬರಿದೆನ್ನುತ್ತದೆ.

ನಡುವೆ ನೀರು ಸೇರಿಸಲೇಬೇಕಾದರೆ ಹೀಟರ್ ಆರಿಸಿ, ಆಲಿಕೆ ಇಟ್ಟು, ಇದೇ ಕೊಳವೆಯಿಂದ ನಿಧಾನವಾಗಿ ಬಿಸಿನೀರು ಹಾಕಬಹುದು. ತಣ್ಣೀರು ನಾಲ್ಕು ಲೀಟರ್ ಸುರಿದರೆ ಅದು ಕುದಿಗೆ ಬರಲು ಏಳೆಂಟು ನಿಮಿಷ ಹಿಡಿಯುತ್ತದೆ, ಅಷ್ಟು ಹೊತ್ತು ಹಬೆ ನಿಂತು ಹುಲ್ಲು ತಣಿಯುತ್ತದೆ. ಕೊಳವೆಯಿಂದ ಆಗಲೇ ಹಬೆ ಬರುತ್ತಿದ್ದರೆ ಮಾತ್ರ ನೀರು ಹಾಕುವ ಯೋಚನೆಯೇ ಬೇಡ: ಎಷ್ಟು ಹೊತ್ತಿನಿಂದ ಬರುತ್ತಿದೆಯೋ, ಅಷ್ಟರಲ್ಲಿ ಸುರುಳಿ ಬಯಲಾಗಿದೆಯೋ ಹೊರಗಿನಿಂದ ತಿಳಿಯದು. ಬರಿದಾಗಿ ಕೆಂಪಗೆ ಕಾದ ಲೋಹದ ಮೇಲೆ ಬಿದ್ದ ನೀರು ಒಮ್ಮೆಲೇ ಹಬೆಯಾಗುತ್ತದೆ, ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಹಬೆಯಾಗಿ ಹಿಗ್ಗುತ್ತದೆ. ಆರಿಸಿ, ದೂರ ನಿಂತು, ಮುಚ್ಚಳ ಕೈಗೆ ತಾಳುವಷ್ಟು ತಣಿಯುವವರೆಗೆ ಕಾಯಬೇಕು. 25 ಲೀಟರಿಗಿಂತ ಚಿಕ್ಕ ಹಂಡೆಯನ್ನು ನಮ್ಮ ಬಾಯ್ಲರ್ ಕಾಯಿದೆ ಬಾಯ್ಲರ್ ಎಂದೇ ಕರೆಯುವುದಿಲ್ಲ, ತಪಾಸಣೆಗೆ ಯಾರೂ ಬರುವುದಿಲ್ಲ. ಆದ ಕಾರಣ ತಪಾಸಣೆ ಮನೆಯವರದೇ.

ಕೆಲಸ ಮುಗಿದ ಮೇಲೆ ಹಂಡೆ ತಣಿದಾಗ ಉಳಿದ ನೀರನ್ನು ಅಳೆದು ಚೀಟಿಯ ಲೆಕ್ಕದೊಂದಿಗೆ ಹೋಲಿಸುತ್ತೇನೆ. ಅರ್ಧ ಲೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಎಲ್ಲೋ ಹಬೆ ಸೋರುತ್ತಿದೆ ಎಂದರ್ಥ, ಮರುದಿನ ಮೊದಲು ವಾಷರುಗಳನ್ನು ನೋಡುತ್ತೇನೆ. ಗಡಸು ನೀರು ಬಳಸಿದ ದಿನ ಗಾಜಿನ ನಲ್ಲಿಗಳನ್ನು ಬಿಚ್ಚಿ ರಾತ್ರಿಯಿಡೀ ಗಟ್ಟಿ ಹುಣಸೆ ರಸದಲ್ಲಿ ನೆನೆಸಿಟ್ಟು, ಬೆಳಿಗ್ಗೆ ತೆಂಗಿನ ಗರಿಯ ಕಡ್ಡಿ ಆಚೆಯಿಂದ ಈಚೆಗೆ ಸಲೀಸಾಗಿ ಹಾಯುವವರೆಗೆ ತಿಕ್ಕಿ ಮರಳಿ ಜೋಡಿಸುತ್ತೇನೆ.