ಬ್ರೌಸರಿನಲ್ಲಿ ತಂಬೂರಿಗೆ ಶ್ರುತಿ ಸೇರಿಸಿದ್ದು

"ಪಂಚಮ ಸರಿಯಾಗಿದೆ. ಸಾರಣಿ ಅಲ್ಲಾಡುತ್ತಿದೆ ಕಣಮ್ಮ" ಎಂದರು ಗುರುಗಳು. ತಂಬೂರಿಯ ನಾಲ್ಕು ತಂತಿಗಳಲ್ಲಿ ಮಧ್ಯ ಷಡ್ಜ, ಅಂದರೆ ಹಾಡಿಗೆ ಆಧಾರವಾದ 'ಸ', ನುಡಿಯುವ ನಡುವಿನ ಎರಡು ತಂತಿಗಳೇ ಸಾರಣಿ. ಮೈಸೂರಿನ ಅವರ ಮನೆಯ ಹಜಾರದಲ್ಲಿ, ಜಮಖಾನದ ಮೇಲೆ ನನ್ನ ಲ್ಯಾಪ್‌ಟಾಪ್ ಇತ್ತು. ಎರಡು ತಿಂಗಳು ರಾತ್ರಿಗಳನ್ನು ಕೊಟ್ಟು ನಾನು ಬರೆದಿದ್ದ ತಂಬೂರಿ ಅದರಲ್ಲಿ ನುಡಿಯುತ್ತಿತ್ತು. ಅವರು ಕಣ್ಣು ಮುಚ್ಚಿ ಅರ್ಧ ನಿಮಿಷ ಕೇಳಿದ್ದರು, ಅಷ್ಟೆ. ನನ್ನ ಮೊಬೈಲಿನ ಟ್ಯೂನರ್ ನಾಲ್ಕೂ ತಂತಿಗಳಿಗೆ ಹಸಿರು ದೀಪ ತೋರಿಸುತ್ತಿತ್ತು.

ಏಳನೆಯ ವಯಸ್ಸಿನಿಂದ ಹಾಡು ಕಲಿಯುತ್ತಿದ್ದೇನೆ. ಹನ್ನೊಂದು ವರ್ಷಗಳಿಂದ ವೆಬ್ ಪ್ರೋಗ್ರಾಮಿಂಗ್ ಮಾಡುತ್ತಿದ್ದೇನೆ. ವಾರವೆಲ್ಲ ಬೆಂಗಳೂರಿನ ಕಚೇರಿ, ಭಾನುವಾರ ಬೆಳಗಿನ ರೈಲಿಗೆ ಮೈಸೂರು. ಬಹಳ ಕಾಲ ಒಂದರ ಮಾತನ್ನು ಇನ್ನೊಂದರ ಮನೆಯಲ್ಲಿ ಆಡುತ್ತಿರಲಿಲ್ಲ. ಎರಡನ್ನೂ ಒಂದೇ ಜಗಲಿಯಲ್ಲಿ ಕೂರಿಸಿದ್ದು ಆ ಸಾರಣಿ.

ಮೀಟಿದ ತಂತಿಯ ನಾದವನ್ನು ಗಣಕದಲ್ಲಿ ಹುಟ್ಟಿಸಲು ನಾನು ಹಿಡಿದದ್ದು 1983ರಲ್ಲಿ ಪ್ರಕಟವಾದ ಕಾರ್ಪ್ಲಸ್-ಸ್ಟ್ರಾಂಗ್ ವಿಧಾನವನ್ನು. ಒಂದಿಷ್ಟು ಗದ್ದಲದ ಅಂಕಿಗಳನ್ನು ಸಾಲಾಗಿ ತುಂಬಬೇಕು. ಸಾಲಿನ ಕೊನೆಯಿಂದ ಬಂದದ್ದನ್ನು ಪಕ್ಕದ ಅಂಕಿಯೊಡನೆ ಸರಾಸರಿ ಮಾಡಿ ಮತ್ತೆ ಸಾಲಿಗೇ ಸೇರಿಸುತ್ತ ಹೋದರೆ ಗದ್ದಲ ಕರಗಿ ತಂತಿಯ ನಾದ ಉಳಿಯುತ್ತದೆ. ಮೊದಲ ಸಲ ಅದು ನುಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಾಲಿನ ಉದ್ದವೇ ಶ್ರುತಿಯನ್ನು ನಿರ್ಧರಿಸುತ್ತದೆ. ತಪ್ಪು ನುಸುಳಿದ್ದೂ ಅಲ್ಲಿಯೇ.

ನನ್ನ ಶ್ರುತಿ ಐದೂವರೆ ಮನೆ, ಅಂದರೆ ಪಾಶ್ಚಾತ್ಯರ ಜಿ ಶಾರ್ಪ್. ಮಧ್ಯ ಷಡ್ಜ 207.65 ಹರ್ಟ್ಸ್. ಗಣಕದ ಧ್ವನಿಯಲ್ಲಿ ಒಂದೊಂದು ಅಂಕಿಯೂ ಒಂದು ಸ್ಯಾಂಪಲ್; ಸೆಕೆಂಡಿಗೆ 48,000 ಸ್ಯಾಂಪಲ್ ಎಂದರೆ ಒಂದು ಸುತ್ತಿಗೆ 231.16 ಸ್ಯಾಂಪಲ್ ಬೇಕು. ಸರಾಸರಿ ಮಾಡುವಾಗಲೇ ಅರ್ಧ ಸ್ಯಾಂಪಲ್ ತಡವಾಗುತ್ತದೆ, ಉಳಿದದ್ದು 230.66. ಸಾಲಿನಲ್ಲಿ ಅಂಕಿಗಳನ್ನು ಇಡಿಯಾಗಿಯೇ ಇಡಬೇಕಾದ್ದರಿಂದ ನಾನು 231 ಇಟ್ಟಿದ್ದೆ. ಸಾರಣಿ 207.34ಕ್ಕೆ ಇಳಿದಿತ್ತು. ಒಂದು ಸ್ಥಾಯಿ ಕೆಳಗಿನ ಮಂದ್ರ ಷಡ್ಜವೂ ಇಳಿದಿತ್ತು, ಆದರೆ ಅಷ್ಟಲ್ಲ. ಎರಡನ್ನೂ ಕೂಡಿಸಿ ಕೇಳಿದಾಗ ನಾಲ್ಕೂವರೆ ಸೆಕೆಂಡಿಗೊಮ್ಮೆ ಒಂದು ಅಲೆ ಎದ್ದು ಇಳಿಯುತ್ತಿತ್ತು. ತಂತಿಗಳ ಮೇಲುನಾದಗಳಲ್ಲಿ, ಎರಡು ಸ್ಥಾಯಿ ಮೇಲಿನ ಅತಿತಾರ ಗಾಂಧಾರದ ಎತ್ತರದಲ್ಲಿ ಅದೇ ಅಲೆ ಹೆಚ್ಚುಕಡಿಮೆ ಸೆಕೆಂಡಿಗೊಂದು. ಗುರುಗಳು ಹೇಳಿದ ಅಲ್ಲಾಟ ಅದು. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ನೂರು ಸೆಂಟ್ ಎಂದು ಎಣಿಸಿದರೆ ಸಾರಣಿಯ ತಪ್ಪು ಎರಡೂವರೆ ಸೆಂಟ್‌ಗಿಂತ ತುಸು ಹೆಚ್ಚು. ಅದನ್ನು ಬರಿಗಿವಿಯಲ್ಲಿ ಹಿಡಿದವರಿಗೆ ಅಂದು ಮನಸ್ಸಿನಲ್ಲೇ ಮತ್ತೊಮ್ಮೆ ನಮಸ್ಕರಿಸಿದೆ.

ಬ್ರೌಸರಿನ ಸಿದ್ಧ ಭಾಗಗಳಿಂದ ಇದನ್ನು ಸರಿಪಡಿಸುವುದು ಕಷ್ಟವಾಯಿತು. ಬ್ರೌಸರಿನೊಳಗೇ ಧ್ವನಿ ಹುಟ್ಟಿಸುವ ವ್ಯವಸ್ಥೆಯಾದ ವೆಬ್ ಆಡಿಯೋದಲ್ಲಿ ನಾದವನ್ನು ಸುತ್ತು ಹಾಕಿಸಿದರೆ ಕನಿಷ್ಠ 128 ಸ್ಯಾಂಪಲ್‌ಗಳ ತಡ ಕಡ್ಡಾಯ, ನಡುವೆ ಏನನ್ನಾದರೂ ನಾಜೂಕಾಗಿ ತಿದ್ದಲು ಎಡೆಯಿಲ್ಲ. 2018ರಲ್ಲಿ ಕ್ರೋಮ್‌ಗೆ ಬಂದ ಆಡಿಯೋ ವರ್ಕ್‌ಲೆಟ್‌ನಲ್ಲಿ ಒಂದೊಂದು ಸ್ಯಾಂಪಲನ್ನೂ ನಾವೇ ಲೆಕ್ಕ ಹಾಕಬಹುದು. ಇಡೀ ತಂತಿಯನ್ನು ಅಲ್ಲಿ ಹೊಸದಾಗಿ ಬರೆದು, ಸ್ಯಾಂಪಲ್‌ನ ಭಿನ್ನರಾಶಿಯಷ್ಟೂ ತಡಮಾಡಬಲ್ಲ ಒಂದು ಚಿಕ್ಕ ಫಿಲ್ಟರನ್ನು ಸೇರಿಸಿದೆ. ಮುಂದಿನ ಭಾನುವಾರ ಗುರುಗಳು ಏನೂ ಹೇಳದೆ ಅದಕ್ಕೆ ಷಡ್ಜ ಹಿಡಿದು ಹಾಡತೊಡಗಿದರು.

ತಂಬೂರಿಯ ಜೊತೆಗೆ ಸೇರಿಸಿದ ತಾಳದ ಭಾಗ ಬೇರೆಯೇ ಪಾಠ. ಜಾವಾಸ್ಕ್ರಿಪ್ಟಿನ ಟೈಮರನ್ನು ನಂಬಿ ಮೂರು ಮತ್ತು ನಾಲ್ಕು ಸೇರಿ ಏಳೆಣಿಕೆಯ ಮಿಶ್ರ ಛಾಪು ತಾಳ ಹಾಕಿದರೆ ಮೂರು ಮತ್ತು ನಾಲ್ಕರ ನಡುವೆ ಎಲ್ಲೋ ಕಾಲ ಜಾರುತ್ತದೆ. ಪುಟ ಏನಾದರೂ ಬೇರೆ ಕೆಲಸದಲ್ಲಿದ್ದರೆ ಟೈಮರ್ ಕಾಯುತ್ತದೆ, ಆದರೆ ಏಟು ಕಾಯಬಾರದು. ಆದ್ದರಿಂದ ಟೈಮರನ್ನು 25 ಮಿಲಿಸೆಕೆಂಡಿಗೊಮ್ಮೆ ಇಣುಕುವ ಕಾವಲುಗಾರನಾಗಿ ಮಾತ್ರ ಇಟ್ಟು, ಮುಂದಿನ 100 ಮಿಲಿಸೆಕೆಂಡಿನ ಏಟುಗಳನ್ನು ಆಡಿಯೋದ ಗಡಿಯಾರಕ್ಕೇ ಮೊದಲೇ ಒಪ್ಪಿಸುವ ಕ್ರಮ ಒಂದಿದೆ, ಅದನ್ನೇ ಅನುಸರಿಸಿದೆ. ಮೃದಂಗದವರು ಏಟು ಬೀಳುವ ಮೊದಲೇ ಮುಂದಿನ ಸೊಲ್ಲನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವುದನ್ನು ನೋಡಿದ್ದವಳಿಗೆ ಇದು ಅಪರಿಚಿತವೆನಿಸಲಿಲ್ಲ.

ಇಂಥ ಕೆಲಸ ಬೆಂಗಳೂರಿಗೆ ಹೊಸದಲ್ಲ. ಎಂಜಿನಿಯರರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಇಲ್ಲಿ ರಾಡೆಲ್ ಸಂಸ್ಥೆ ಕಟ್ಟಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಪಾಠದ ಮನೆಗಳಿಗೆ ತಲುಪಿಸಿದವರು. ನನ್ನ ಬಾಲ್ಯದ ಸರಳೆ ವರಸೆಗಳೆಲ್ಲ ಅಂಥ ಒಂದು ಪೆಟ್ಟಿಗೆಯ ಮುಂದೆಯೇ ನಡೆದವು.

ಜೀವನೋಪಾಯದ ಮಾತನ್ನೂ ಹೇಳಬೇಕು, ಏಕೆಂದರೆ ಕಿರಿಯರು ಹೆಚ್ಚಾಗಿ ಕೇಳುವುದು ಅದನ್ನೇ. ಸಂಗೀತದಿಂದ ಬಾಡಿಗೆ ಕಟ್ಟಲು ನನಗೆ ಆಗಿಲ್ಲ. ಒಂದು ವರ್ಷ ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತ ಕಚೇರಿಯಲ್ಲಿ ಗುರುಗಳ ಹಿಂದೆ ತಂಬೂರಿ ಹಿಡಿದು ಕೂರಬೇಕಿತ್ತು. ಅದೇ ಸಂಜೆ ಹೊಸ ಆವೃತ್ತಿ ಬಿಡುಗಡೆಯೆಂದು ಕೆಲಸದಲ್ಲಿ ರಜೆ ಕೊಡಲಿಲ್ಲ. ನಾನು ಹೋಗಲಿಲ್ಲ. ಆ ನೋವು ಇನ್ನೂ ಆರಿಲ್ಲ. ಆರು ತಿಂಗಳ ಖರ್ಚಿಗಾಗುವಷ್ಟು ಹಣ ಕೂಡಿಟ್ಟ ಮೇಲೆ ಕಾಯಂ ನೌಕರಿ ಬಿಟ್ಟು ಗುತ್ತಿಗೆ ಕೆಲಸಕ್ಕೆ ಬಂದೆ. ಈಗ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ರಾಮನವಮಿಯ ವಾರಗಳನ್ನು ಹೊರಗಿಡುತ್ತೇನೆ. ಆದಾಯ ಕಡಿಮೆಯಾಗಿದೆ. ಬೆಳಗಿನ ಹೊತ್ತು ಸಾಧನೆಗೆ ಎರಡು ಗಂಟೆ ಸಿಕ್ಕಿದೆ, ಮತ್ತು ಧ್ವನಿಗೆ ಸಂಬಂಧಿಸಿದ ಕೆಲಸಗಳೇ ಹುಡುಕಿಕೊಂಡು ಬರತೊಡಗಿವೆ.

ತಂಬೂರಿ ಇನ್ನೂ ಮುಗಿದಿಲ್ಲ. ನಿಜವಾದ ತಂಬೂರಿಯಲ್ಲಿ ತಂತಿಗಳನ್ನು ಹೊರುವ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದೆಳೆ ದಾರ ಸಿಕ್ಕಿಸುತ್ತಾರೆ. ಅದನ್ನು ಕೂದಲೆಳೆಯಷ್ಟು ಸರಿಸಿದರೂ ನಾದ ಅರಳುವ ರೀತಿ ಬದಲಾಗುತ್ತದೆ. ನನ್ನ ತಂತಿಗೆ ಶ್ರುತಿ ಬಂದಿದೆ, ಆ ಅರಳುವಿಕೆ ಬಂದಿಲ್ಲ. ಕಳೆದ ವಾರ ಗುರುಗಳ ತಂಬೂರಿಯ ದಾರವನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಹದಿನಾಲ್ಕು ಸಲ ಧ್ವನಿಮುದ್ರಿಸಿಕೊಂಡು ಬಂದಿದ್ದೇನೆ. ಒಂಬತ್ತನೆಯದನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ.